ನೋವು ಬರಲಿ ಎಂದು ಕಾಯಬೇಡಿ: ಹಾಸನ, ಚಿಕ್ಕಮಗಳೂರಿನ ಮಹಿಳೆಯರಿಗೆ ಸ್ತನ ತಪಾಸಣೆಯ ಸಮಗ್ರ ಮಾರ್ಗದರ್ಶಿ

ಅರೇಬಿಕಾ ಕಾಫಿ ತೋಟದಲ್ಲಿ ಕಾಂಡ ಕೊರೆಯುವ ಬೋರರ್ ಹುಳು ಹುಡುಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಎಲೆ ಹಳದಿಯಾಗಿ ಗಿಡ ಬಾಡುವ ಹೊತ್ತಿಗೆ ಹುಳು ಕಾಂಡದೊಳಗೆ ಬಹಳ ದೂರ ಹೋಗಿರುತ್ತದೆ. ಅದಕ್ಕೇ ಗಿಡ ಹಸಿರಾಗಿ ಕಾಣುತ್ತಿರುವಾಗಲೇ ಸಾಲು ಹಿಡಿದು ಹೋಗಿ, ಒಂದೊಂದು ಕಾಂಡವನ್ನೂ ನೋಡಿ, ತೊಗಟೆ ಏಣೆದ್ದಿದೆಯೇ ಎಂದು ಗಮನಿಸುತ್ತಾರೆ. ಹೋದ ಸಲ ಏನೂ ಸಿಗಲಿಲ್ಲ ಎಂದು ಈ ಸಲ ಬಿಡುವುದಿಲ್ಲ.

ಸ್ತನ ತಪಾಸಣೆಯೂ ಇಂಥದ್ದೇ ಕೆಲಸ. ಏನೂ ತೊಂದರೆ ಇಲ್ಲದಿರುವಾಗ, ಗೊತ್ತುಮಾಡಿಕೊಂಡ ಅಂತರದಲ್ಲಿ ನೋಡಿಸಿಕೊಳ್ಳುವುದು. ಗಂಟು ಕೈಗೆ ಸಿಕ್ಕ ಮೇಲೆ ಮಾಡಿಸುವುದು ತಪಾಸಣೆಯಲ್ಲ, ರೋಗ ಪತ್ತೆ. ಅದರ ದಾರಿ ಬೇರೆ, ಅವಸರವೂ ಬೇರೆ. ಎರಡನ್ನೂ ಇಲ್ಲಿ ಬಿಡಿಸಿ ಹೇಳಿದ್ದೇವೆ.

ಬೇಗ ಸಿಕ್ಕರೆ ಏನು ಲಾಭ

ಭಾರತದ ಮಹಿಳೆಯರಲ್ಲಿ ಈಗ ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಆ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಇನ್ನೊಂದು ಕಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರನ್ನು ಕೇಳಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ನೂರರಲ್ಲಿ ಒಬ್ಬರೂ ಇರಲಿಲ್ಲ. ಎರಡು ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ತೊಂದರೆ ಎಲ್ಲಿದೆ ಎಂದು ಕಾಣುತ್ತದೆ.

ಗಂಟು ಕಾಫಿ ಹಣ್ಣಿನಷ್ಟಿರುವಾಗ, ಅಂದರೆ 2 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದು ಕಂಕುಳಿಗೆ ಹಬ್ಬದಿರುವಾಗ ಸಿಕ್ಕಿ, ಸರಿಯಾದ ಚಿಕಿತ್ಸೆ ಆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಹಿಳೆಯರು ಐದು ವರ್ಷ ದಾಟಿ ಬದುಕುತ್ತಾರೆ. ಹೆಚ್ಚಿನವರಿಗೆ ಇಡೀ ಸ್ತನ ತೆಗೆಯುವ ಅಗತ್ಯವೂ ಬೀಳುವುದಿಲ್ಲ. ಗಂಟು ತೆಗೆದು ರೇಡಿಯೇಷನ್ ಕೊಟ್ಟರೆ ಸಾಕಾಗುತ್ತದೆ. ಅದೇ ಗಂಟು ನಿಂಬೆಹಣ್ಣಿನಷ್ಟಾಗಿ ಚರ್ಮ ಹಿಡಿದ ಮೇಲೆ ಬಂದರೆ ಮೊದಲು ಕೀಮೋ, ಆಮೇಲೆ ದೊಡ್ಡ ಶಸ್ತ್ರಚಿಕಿತ್ಸೆ, ಮತ್ತೆ ರೇಡಿಯೇಷನ್. ಖರ್ಚು, ಓಡಾಟ, ಕೂಲಿ ತಪ್ಪುವ ದಿನ, ಎಲ್ಲವೂ ಹಲವು ಪಟ್ಟು. ಮೂಳೆಗೋ ಶ್ವಾಸಕೋಶಕ್ಕೋ ಹೋದ ಮೇಲೆ ರೋಗವನ್ನು ಹಿಡಿತದಲ್ಲಿಡಬಹುದು, ಬೇರುಸಹಿತ ತೆಗೆಯುವುದು ಬಹಳ ಕಷ್ಟ.

ಮುಂಬೈನ ಟಾಟಾ ಸ್ಮಾರಕ ಕೇಂದ್ರದವರು ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು 20 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಜಿಲ್ಲೆಗಳ ಮಟ್ಟಿಗೆ ಬಹಳ ಮುಖ್ಯ. ಅಲ್ಲಿ ಬಳಸಿದ್ದು ಯಂತ್ರವನ್ನಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದರು, ಅಷ್ಟೇ. ರೋಗ ಚಿಕ್ಕ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು ಶೇಕಡ 30ರಷ್ಟು ಇಳಿಯಿತು. 50ಕ್ಕಿಂತ ಕೆಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಅದನ್ನೂ ಮುಚ್ಚಿಡಬಾರದು. ಆದರೂ ದೊಡ್ಡ ಯಂತ್ರ ಇಲ್ಲದ ಊರಿನಲ್ಲೂ, ಕಲಿತ ಕೈ ಬಿಡದೆ ನೋಡಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದು ಗಟ್ಟಿ ಆಧಾರ.

ಯಾವ ವಯಸ್ಸಿಗೆ ಯಾವ ಪರೀಕ್ಷೆ

20 ದಾಟಿದ ಪ್ರತಿಯೊಬ್ಬರೂ ತಮ್ಮ ಎದೆ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಅರಿತಿರಬೇಕು. ಅದಕ್ಕೆ ತಿಂಗಳಿಗೊಮ್ಮೆ ಹತ್ತು ನಿಮಿಷ ಸಾಕು.

30 ತುಂಬಿದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಐದು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರಿಂದ ಕೈ ಪರೀಕ್ಷೆ ಉಚಿತ. ಗರ್ಭಕೊರಳು ಮತ್ತು ಬಾಯಿ ಕ್ಯಾನ್ಸರ್ ತಪಾಸಣೆಯೂ ಅದರ ಜೊತೆಗೇ ಬರುತ್ತದೆ. ಆದರೆ ಐದು ವರ್ಷ ಎಂಬುದನ್ನು ಕನಿಷ್ಠ ಎಂದುಕೊಳ್ಳಿ. ಮುಂಬೈಯಲ್ಲಿ ಫಲ ಕಂಡದ್ದು ಎರಡು ವರ್ಷದ ಅಂತರದಲ್ಲಿ. ನಮ್ಮ ಸಲಹೆ: 30ರಿಂದ 39ರವರೆಗೆ ಎರಡು ವರ್ಷಕ್ಕೊಮ್ಮೆ, 40 ದಾಟಿದ ಮೇಲೆ ವರ್ಷಕ್ಕೊಮ್ಮೆ ವೈದ್ಯರಿಂದ ಅಥವಾ ತರಬೇತಿ ಪಡೆದ ನರ್ಸ್‌ರಿಂದ ಕೈ ಪರೀಕ್ಷೆ.

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, 50ರಿಂದ 69ರ ನಡುವೆ ಎರಡು ವರ್ಷಕ್ಕೊಮ್ಮೆ ಮಾಡಿಸುವುದರ ಲಾಭ ಎಲ್ಲಕ್ಕಿಂತ ಚೆನ್ನಾಗಿ ಸಾಬೀತಾಗಿದೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ ಅದನ್ನು 40ರಿಂದ 74ರವರೆಗೆ ವಿಸ್ತರಿಸಿತು. ನಮ್ಮಲ್ಲಿ ಈ ರೋಗ ಪಶ್ಚಿಮ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆ ಕಾಣಿಸಿಕೊಳ್ಳುವುದರಿಂದ 40 ತುಂಬಿದ ಕೂಡಲೇ ವೈದ್ಯರೊಂದಿಗೆ ಈ ಮಾತೆತ್ತುವುದು ಸರಿ. 40ಕ್ಕಿಂತ ಕೆಳಗೆ, ತೊಂದರೆಯೂ ಇಲ್ಲ, ಮನೆತನದಲ್ಲೂ ಇಲ್ಲ ಎಂದರೆ ಮ್ಯಾಮೊಗ್ರಾಂ ಬೇಡ. ಆ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿದ್ದು ಚಿತ್ರ ಬೆಳ್ಳಗೆ ಬರುತ್ತದೆ, ಗಂಟೂ ಬೆಳ್ಳಗೆ. ಮಂಜು ಮುಸುಕಿದ ಬೆಳಗಿನಲ್ಲಿ ಬಿಳಿ ಹಸು ಹುಡುಕಿದಂತೆ.

ಅಮ್ಮ, ಅಕ್ಕ, ತಂಗಿ, ಮಗಳು, ಇವರಲ್ಲಿ ಯಾರಿಗಾದರೂ ಬಂದಿದ್ದರೆ ಲೆಕ್ಕ ಬದಲಾಗುತ್ತದೆ. ಅವರಿಗೆ ಬಂದ ವಯಸ್ಸಿನಲ್ಲಿ ಹತ್ತು ಕಳೆಯಿರಿ: ಅಮ್ಮನಿಗೆ 45ಕ್ಕೆ ಬಂದಿದ್ದರೆ ನೀವು 35ಕ್ಕೆ ಶುರುಮಾಡಿ. ಎಷ್ಟೇ ಮುಂಚೆ ಎಂದರೂ ಮ್ಯಾಮೊಗ್ರಾಂ ಸಾಮಾನ್ಯವಾಗಿ 30ಕ್ಕಿಂತ ಮೊದಲು ಬೇಡ. ಮನೆತನದಲ್ಲಿ ಹಲವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವಂಶವಾಹಿ ಪರೀಕ್ಷೆ, ಎಂಆರ್‌ಐ ಬಗ್ಗೆ ಕ್ಯಾನ್ಸರ್ ತಜ್ಞರೊಂದಿಗೇ ಮಾತಾಡಬೇಕು. ತಂದೆಯ ಕಡೆಯ ಅತ್ತೆ, ಅಜ್ಜಿಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಅದನ್ನು ಬಹಳ ಜನ ಮರೆಯುತ್ತಾರೆ. ಹಾಗೆಂದು "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ" ಎಂದು ನಿಶ್ಚಿಂತೆಯಾಗಿರುವಂತಿಲ್ಲ. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಮಾತ್ರ. ಉಳಿದವರಲ್ಲಿ ಬಹುಪಾಲು ಜನರ ಮನೆಯಲ್ಲಿ ಅವರೇ ಮೊದಲಿಗರು.

ಮನೆಯಲ್ಲಿ ನೋಡಿಕೊಳ್ಳುವ ಕ್ರಮ

ದಿನ ಆರಿಸುವುದು ಮೊದಲ ಕೆಲಸ. ಮುಟ್ಟು ಶುರುವಾದ ದಿನದಿಂದ ಎಣಿಸಿ ಏಳರಿಂದ ಹತ್ತನೇ ದಿನದೊಳಗೆ ಸರಿ. ಆಗ ಎದೆ ಮೆತ್ತಗಿರುತ್ತದೆ. ಮುಟ್ಟಿಗೆ ಮುಂಚಿನ ವಾರದಲ್ಲಿ ನೋಡಿದರೆ ಹಾರ್ಮೋನಿನಿಂದ ಊದಿಕೊಂಡ ಗ್ರಂಥಿಗಳೆಲ್ಲ ಗಂಟಿನಂತೆ ಸಿಕ್ಕಿ ಸುಮ್ಮನೆ ಗಾಬರಿ. ಮುಟ್ಟು ನಿಂತವರು, ಗರ್ಭಕೋಶ ತೆಗೆಸಿದವರು ತಿಂಗಳ ಒಂದನೇ ತಾರೀಖನ್ನೋ ಪಡಿತರ ತರುವ ದಿನವನ್ನೋ ಹಿಡಿದುಕೊಳ್ಳಲಿ.

ಕೈಗೆ ಅಭ್ಯಾಸ ಆಗಬೇಕಾದರೆ ಒಂದು ಸುಲಭ ಪಾಠವಿದೆ. ಒಂದು ಹಸಿ ಅವರೆಕಾಳನ್ನು ಮೇಜಿನ ಮೇಲಿಟ್ಟು, ಹಳೆಯ ಹತ್ತಿ ಸೀರೆಯನ್ನು ಆರೇಳು ಮಡಿಕೆ ಮಾಡಿ ಮೇಲೆ ಹಾಸಿ. ಮೊದಲು ಬೆರಳ ತುದಿಯಿಂದ ಕುಕ್ಕಿ ಹುಡುಕಿ. ಕಾಳು ಜಾರುತ್ತದೆ, ಅರ್ಧಸಲ ಗೊತ್ತೇ ಆಗುವುದಿಲ್ಲ. ಈಗ ನಡುವಿನ ಮೂರು ಬೆರಳು ಜೋಡಿಸಿ, ಮೇಲಿನ ಗೆಣ್ಣಿನ ಒಳಗಿನ ಮೆತ್ತನೆ ಭಾಗವನ್ನು ಚಪ್ಪಟೆಯಾಗಿ ಊರಿ, ರೂಪಾಯಿ ನಾಣ್ಯದಷ್ಟು ಸಣ್ಣ ಸುತ್ತು ಹಾಕುತ್ತಾ ಬನ್ನಿ. ಕಾಳು ಬೆರಳ ಕೆಳಗೆ ಉರುಳುವುದು ತಿಳಿಯುತ್ತದೆ. ಎದೆಯ ಮೇಲೂ ಇದೇ ಕೈ. ಚಿವುಟಿ ಹಿಡಿಯಬಾರದು, ಚಿವುಟಿದರೆ ಯಾವ ಸ್ತನವೂ ಗಂಟೇ ಅನ್ನಿಸುತ್ತದೆ.

ಕನ್ನಡಿಯ ಮುಂದೆ ಸೊಂಟದವರೆಗೆ ಬಟ್ಟೆ ತೆಗೆದು, ಒಳ್ಳೆಯ ಬೆಳಕಿನಲ್ಲಿ ನಿಲ್ಲಿ. ಬಚ್ಚಲುಮನೆಯ ಮಂಕು ಬಲ್ಬು ಸಾಲದು. ಮೂರು ಭಂಗಿ: ಕೈ ಕೆಳಗೆ ಬಿಟ್ಟು, ಎರಡೂ ಕೈ ಮೇಲೆತ್ತಿ, ಮತ್ತೆ ಸೊಂಟದ ಮೇಲೆ ಕೈಯೂರಿ ಬಲವಾಗಿ ಒತ್ತಿ. ಮೂರನೆಯದನ್ನು ಬಿಡಬೇಡಿ. ಎದೆಯ ಸ್ನಾಯು ಬಿಗಿಯಾದಾಗ ಒಳಗಿನ ಗಂಟು ಚರ್ಮವನ್ನು ಎಳೆದು ಒಂದು ಸಣ್ಣ ಕುಳಿ ಕಾಣಿಸುತ್ತದೆ, ಕೈ ಕೆಳಗಿದ್ದಾಗ ಅದು ಮರೆಯಾಗಿರುತ್ತದೆ. ನೋಡಬೇಕಾದ್ದು: ಒಂದು ಕಡೆ ಹೊಸದಾಗಿ ಕುಳಿ ಬಿದ್ದಿದೆಯೇ, ಮೊದಲು ಹೊರಗಿದ್ದ ತೊಟ್ಟು ಒಳಗೆ ಸೇದಿಕೊಂಡಿದೆಯೇ, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪವಾಗಿ ರಂಧ್ರ ರಂಧ್ರವಾಗಿದೆಯೇ, ಕೆಂಪಾಗಿದೆಯೇ, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿಯಂಥದ್ದು ಇದೆಯೇ. ಹುಟ್ಟಿನಿಂದಲೂ ಒಂದು ಸ್ತನ ಚೂರು ದೊಡ್ಡದು, ಒಂದು ತೊಟ್ಟು ಒಳಗೆ, ಇವೆಲ್ಲ ಸಹಜ. ಬದಲಾವಣೆಯಷ್ಟೇ ಲೆಕ್ಕಕ್ಕೆ ಬರುವುದು.

ಆಮೇಲೆ ಮಲಗಿ. ಬಲ ಸ್ತನ ನೋಡುವಾಗ ಬಲ ಭುಜದ ಕೆಳಗೆ ಮಡಿಸಿದ ಟವೆಲ್ ಇಟ್ಟು, ಬಲಗೈಯನ್ನು ತಲೆಯ ಹಿಂದಿಡಿ. ಹೀಗೆ ಮಾಡಿದರೆ ಸ್ತನ ಎದೆಗೂಡಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಎಡಗೈಯ ಮೂರು ಬೆರಳಿಂದ ಕಂಕುಳಿನ ಪಕ್ಕದಲ್ಲಿ ಶುರುಮಾಡಿ, ಗದ್ದೆ ಉಳುವಂತೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸಾಲು ಹಿಡಿದು ಎದೆಯ ನಡುಮೂಳೆಯವರೆಗೆ ಬನ್ನಿ. ಮೇಲ್ಗಡೆ ಕೊರಳಪಟ್ಟಿಯ ಮೂಳೆ, ಕೆಳಗಡೆ ಬ್ರಾ ಪಟ್ಟಿಯ ಗೆರೆ. ಪ್ರತಿ ಜಾಗದಲ್ಲೂ ಮೂರು ಒತ್ತು: ಚರ್ಮ ಜಾರುವಷ್ಟು ಹಗುರ, ನಡುವಿನ ಮಾಂಸ ತಿಳಿಯುವಷ್ಟು ಮಧ್ಯಮ, ಪಕ್ಕೆಲುಬು ತಾಗುವಷ್ಟು ಗಟ್ಟಿ. ಒಂದೇ ಒತ್ತಿನಲ್ಲಿ ಮುಗಿಸುವುದೇ ಎಲ್ಲರೂ ಮಾಡುವ ತಪ್ಪು. ಕಂಕುಳಿನ ಪಕ್ಕದ ಮೇಲ್ಭಾಗದಲ್ಲಿ ನಿಧಾನಿಸಿ, ಸುಮಾರು ಅರ್ಧದಷ್ಟು ಕ್ಯಾನ್ಸರ್ ಹುಟ್ಟುವುದು ಅಲ್ಲೇ. ಕೊನೆಗೆ ಎದ್ದು ಕುಳಿತು, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಕಂಕುಳಿನೊಳಗೆ ಬೆರಳಿಟ್ಟು ನೋಡಿ. ತೋಳು ಎತ್ತಿಕೊಂಡೇ ನೋಡಿದರೆ ಚರ್ಮ ಬಿಗಿದು ಏನೂ ತಿಳಿಯುವುದಿಲ್ಲ. ಇನ್ನೊಂದು ಕಡೆಗೂ ಇದೇ ಕ್ರಮ.

ಸ್ತನದ ಕೆಳಗಿನ ಮಡಿಕೆಯಲ್ಲಿ ಕೈಗೆ ಸಿಗುವ ಉದ್ದನೆಯ ಗಟ್ಟಿ ಏಣು ಸಹಜವಾದದ್ದು, ಎರಡೂ ಕಡೆ ಒಂದೇ ಥರ ಇರುತ್ತದೆ. ಏನಾದರೂ ಅನುಮಾನ ಬಂದರೆ ಇನ್ನೊಂದು ಸ್ತನದ ಅದೇ ಜಾಗ ಮುಟ್ಟಿ ಹೋಲಿಸಿ. ತೊಟ್ಟನ್ನು ಹಿಂಡಿ ಹಿಂಡಿ ನೋಡುವ ಅಗತ್ಯವಿಲ್ಲ. ಹಿಂಡಿದಾಗ ಬರುವ ಹನಿಗೆ ಅರ್ಥ ಕಡಿಮೆ. ತಾನಾಗಿಯೇ, ಒಂದೇ ಕಡೆಯಿಂದ, ನೀರಿನಂತೆಯೋ ರಕ್ತದ ಬಣ್ಣದಲ್ಲೋ ರವಿಕೆಗೆ ಕಲೆ ಬಿದ್ದರೆ ಅದು ತೋರಿಸಬೇಕಾದ್ದು.

ಈ ಸ್ವಯಂ ಪರೀಕ್ಷೆಗೂ ಒಂದು ಮಿತಿ ಇದೆ. ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜವಳಿ ಕಾರ್ಮಿಕ ಮಹಿಳೆಯರಲ್ಲಿ ನಡೆದು 2002ರಲ್ಲಿ ಫಲಿತಾಂಶ ಹೊರಬಂದ ಅಧ್ಯಯನದಲ್ಲಿ, ಇದನ್ನು ಕಲಿಸಿದ್ದರಿಂದಲೇ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ, ಅಂದರೆ ಚೂರು ತುಂಡು ತೆಗೆದು ಪರೀಕ್ಷಿಸುವುದು, ಮಾತ್ರ ಹೆಚ್ಚಾಯಿತು. ಆದ್ದರಿಂದ "ನಾನೇ ನೋಡಿಕೊಳ್ಳುತ್ತೇನಲ್ಲ" ಎಂದು ಆಸ್ಪತ್ರೆಯ ಪರೀಕ್ಷೆ ಬಿಡಬಾರದು. ಮನೆಯಲ್ಲಿ ನೋಡಿಕೊಳ್ಳುವುದರಿಂದ ಸಿಗುವ ಲಾಭ ಒಂದೇ, ದೊಡ್ಡದೇ: ಎರಡು ತಪಾಸಣೆಗಳ ನಡುವೆ ಏನಾದರೂ ಎದ್ದರೆ ನಿಮಗೇ ಮೊದಲು ಗೊತ್ತಾಗುತ್ತದೆ.

ಆರೋಗ್ಯ ಕೇಂದ್ರದಲ್ಲಿ ಕೈ ಪರೀಕ್ಷೆ

ಹಳ್ಳಿಯಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬೋರ್ಡ್ ಇರುವ ಉಪಕೇಂದ್ರ, ಪಿಎಚ್‌ಸಿ, ಪಟ್ಟಣದಲ್ಲಿ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಚಿಕಿತ್ಸಾಲಯ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಎನ್‌ಸಿಡಿ (ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರಿನಂಥ ಅಂಟದ ರೋಗಗಳ) ಕ್ಲಿನಿಕ್: ಇವು ಕೇಳಬೇಕಾದ ಜಾಗಗಳು. ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ಬಂದಾಗಲೂ ಕೇಳಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ.

ಸರಿಯಾದ ಕೈ ಪರೀಕ್ಷೆ ಹೇಗಿರುತ್ತದೆ ಎಂದು ಗೊತ್ತಿದ್ದರೆ ಅರ್ಧಂಬರ್ಧ ಪರೀಕ್ಷೆಯಿಂದ ಮೋಸ ಹೋಗುವುದಿಲ್ಲ. ಪರದೆ ಹಾಕಿರಬೇಕು. ಕೂರಿಸಿ ಒಮ್ಮೆ, ಮಲಗಿಸಿ ಒಮ್ಮೆ ನೋಡಬೇಕು. ಎರಡೂ ಸ್ತನ, ಎರಡೂ ಕಂಕುಳು, ಕೊರಳ ಮೂಳೆಯ ಮೇಲ್ಭಾಗ. ಐದರಿಂದ ಹತ್ತು ನಿಮಿಷವಾದರೂ ಹಿಡಿಯುತ್ತದೆ. "ಗಂಟು ಗಿಂಟು ಏನಾದರೂ ಇದೆಯಾ?" ಎಂದು ಕೇಳಿ, ಇಲ್ಲ ಎಂದಾಗ ಫಾರಂನಲ್ಲಿ ಟಿಕ್ ಹಾಕಿ ಕಳಿಸಿದರೆ ಅದು ಪರೀಕ್ಷೆಯಲ್ಲ. ಜಗಳ ಬೇಡ, "ಮೇಡಂ, ಒಂದು ಸಲ ಕೈಯಿಂದ ನೋಡಿಬಿಡಿ" ಎಂದು ವಿನಯವಾಗಿ, ಆದರೆ ಬಿಡದೆ ಕೇಳಿ. ರವಿಕೆಯ ಮೇಲಿಂದ ಮುಟ್ಟಿದರೂ ಆಗುವುದಿಲ್ಲ. ಪುರುಷ ವೈದ್ಯರಿದ್ದರೆ ನರ್ಸ್ ಪಕ್ಕದಲ್ಲಿರಲಿ ಎಂದು ಕೇಳುವ ಹಕ್ಕು ನಿಮಗಿದೆ.

ಎಸ್ಟೇಟಿನ ಲೈನ್ ಮನೆಗಳಲ್ಲಿರುವವರಿಗೆ ಇನ್ನೊಂದು ತೊಡಕು: ಕೆಲಸದ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ. ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಒಂದು ದಿನ ಎಸ್ಟೇಟಿಗೇ ಕರೆಸಿ, ಒಂದು ಕೋಣೆ, ಒಂದು ಮಂಚ, ಒಂದು ಪರದೆ ಒದಗಿಸುವುದು ತೋಟದ ಮಾಲೀಕರಿಗೆ ದೊಡ್ಡ ಕೆಲಸವಲ್ಲ. ಮಾಡಬೇಕು.

ಮ್ಯಾಮೊಗ್ರಾಂ ದಿನ

ಹಾಸನದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಎರಡೂ ಊರುಗಳ ಖಾಸಗಿ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ವಿಚಾರಿಸಿ. ಬಸ್ಸು ಹತ್ತುವ ಮುಂಚೆ ಫೋನ್ ಮಾಡಿ ನಾಲ್ಕು ಮಾತು ಕೇಳಿಕೊಳ್ಳಿ: ಯಂತ್ರ ನಡೆಯುತ್ತಿದೆಯೇ, ಯಾವ ದಿನ ಮಾಡುತ್ತಾರೆ, ತೆಗೆಯುವವರು ಮಹಿಳೆಯೇ, ವೈದ್ಯರ ಚೀಟಿ ಬೇಕೇ. ಸಕಲೇಶಪುರದಿಂದಲೋ ಕೊಪ್ಪದಿಂದಲೋ ಬಂದು "ಇವತ್ತು ಡಾಕ್ಟರ್ ಇಲ್ಲ" ಎಂದು ಕೇಳಿಸಿಕೊಂಡವರು ಮತ್ತೆ ಬರುವುದು ಅಪರೂಪ.

ಸೀರೆ–ರವಿಕೆ ಅಥವಾ ಮೇಲಂಗಿ ಬೇರೆ ಇರುವ ಚೂಡಿದಾರ ಉಟ್ಟು ಹೋಗಿ. ನೈಟಿ, ಒಂದೇ ತುಂಡಿನ ಗೌನ್ ಬೇಡ. ಆ ದಿನ ಸ್ನಾನದ ನಂತರ ಎದೆಗೆ, ಕಂಕುಳಿಗೆ ಪೌಡರ್, ಸೆಂಟು, ಎಣ್ಣೆ, ಅರಿಶಿನ, ವಿಭೂತಿ ಏನೂ ಹಚ್ಚಬಾರದು. ಕ್ಯಾನ್ಸರಿನ ಮೊದಲ ಗುರುತು ಕೆಲವೊಮ್ಮೆ ಉಪ್ಪಿನ ಹರಳಿಗಿಂತ ಸಣ್ಣ ಸುಣ್ಣದ ಚುಕ್ಕಿಗಳು. ಪೌಡರಿನ ಕಣವೂ ಚಿತ್ರದಲ್ಲಿ ಹಾಗೇ ಕಾಣುತ್ತದೆ, ಮತ್ತೆ ತೆಗೆಸುವ ಪಾಡು. ತಾಳಿ ಸರದ ಬಗ್ಗೆ ಹಲವರಿಗೆ ಅಳುಕಿರುತ್ತದೆ. ಚಿತ್ರಕ್ಕೆ ಅಡ್ಡ ಬರಬಾರದು ಅಷ್ಟೇ. ಬೆನ್ನ ಹಿಂದಕ್ಕೆ ಹಾಕಿಕೊಳ್ಳಬಹುದೇ ಎಂದು ಕೇಳಿ, ಆಗದಿದ್ದರೆ ಐದು ನಿಮಿಷ ತೆಗೆದು ಜೊತೆಗೆ ಬಂದವರ ಕೈಗೆ ಕೊಡಿ. ಗರ್ಭಿಣಿಯಾಗಿರಬಹುದು ಎಂಬ ಅನುಮಾನವಿದ್ದರೆ ಮೊದಲೇ ಹೇಳಬೇಕು. ಮುಟ್ಟಾಗುವವರಿಗೆ ಮುಟ್ಟು ಮುಗಿದ ವಾರವೇ ಒಳ್ಳೆಯದು, ನೋವು ಕಡಿಮೆ.

ಯಂತ್ರದ ಮುಂದೆ ನಿಲ್ಲಿಸಿ ಒಂದು ಸ್ತನವನ್ನು ತಟ್ಟೆಯ ಮೇಲಿಟ್ಟು ಮೇಲಿಂದ ಪಾರದರ್ಶಕ ಹಲಗೆಯಿಂದ ಒತ್ತುತ್ತಾರೆ. ಪ್ರತಿ ಸ್ತನಕ್ಕೆ ಎರಡು ಚಿತ್ರ, ಒಂದು ಮೇಲಿಂದ, ಒಂದು ಓರೆಯಾಗಿ ಕಂಕುಳಿನ ಕಡೆಯಿಂದ; ಒಟ್ಟು ನಾಲ್ಕು. ಪ್ರತಿ ಸಲ ಒತ್ತು ಇರುವುದು ಕೆಲವೇ ಸೆಕೆಂಡು. ಬಿಗಿಯಾಗಿರುತ್ತದೆ, ಕೆಲವರಿಗೆ ನೋಯುತ್ತದೆ, ಆದರೆ ಗಾಯವಾಗುವುದಿಲ್ಲ, ಗಂಟು ಒಡೆಯುವುದಿಲ್ಲ, ರೋಗ ಹರಡುವುದಿಲ್ಲ. ಅಷ್ಟು ಒತ್ತುವುದಕ್ಕೂ ಕಾರಣ ಇದೆ: ಅಂಗಾಂಶ ತೆಳುವಾಗಿ ಹರಡಿದರೆ ಒಂದರ ಹಿಂದೆ ಒಂದು ಅಡಗುವುದಿಲ್ಲ, ಚಿತ್ರ ಅಲುಗುವುದಿಲ್ಲ, ವಿಕಿರಣವೂ ಕಡಿಮೆ ಸಾಕು. ಭುಜ ಸಡಿಲ ಬಿಟ್ಟು, ಹೇಳಿದಾಗ ಉಸಿರು ಹಿಡಿಯಿರಿ. ಎಲ್ಲ ಸೇರಿ ಇಪ್ಪತ್ತು ನಿಮಿಷ. ವಿಕಿರಣದ ಪ್ರಮಾಣ ಬಹಳ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ಕೆಲವು ವಾರಗಳಲ್ಲಿ ಸಹಜವಾಗಿ ಬಂದು ಸೇರುವಷ್ಟು.

ಮ್ಯಾಮೊಗ್ರಾಂ ಎಲ್ಲವನ್ನೂ ಹಿಡಿಯುವುದಿಲ್ಲ. ಹತ್ತರಲ್ಲಿ ಒಂದೆರಡು ಕ್ಯಾನ್ಸರ್ ತಪ್ಪಿಸಿಕೊಳ್ಳುತ್ತವೆ, ದಟ್ಟ ಸ್ತನದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಕೈಗೆ ಗಂಟು ಸಿಗುತ್ತಿದ್ದರೆ, ಮ್ಯಾಮೊಗ್ರಾಂ ನಾರ್ಮಲ್ ಎಂದರೂ ಸುಮ್ಮನಾಗಬಾರದು. ಇದಕ್ಕೆ ವಿರುದ್ಧವಾದದ್ದೂ ಇದೆ: ಮತ್ತೆ ಬನ್ನಿ ಎಂದು ಕರೆಸಿಕೊಂಡವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಎಂದೂ ತೊಂದರೆ ಕೊಡದಿರಬಹುದಾಗಿದ್ದ ಗಡ್ಡೆ ಸಿಕ್ಕಿ ಚಿಕಿತ್ಸೆಗೆ ಒಳಗಾಗುವವರೂ ಕೆಲವರಿದ್ದಾರೆ. ಇದನ್ನೆಲ್ಲ ತಿಳಿದೇ ಮಾಡಿಸಿಕೊಳ್ಳಬೇಕು.

ಶಿಬಿರಗಳಲ್ಲಿ "ನೋವಿಲ್ಲ, ಮುಟ್ಟುವುದಿಲ್ಲ" ಎಂದು ಶಾಖದ ಕ್ಯಾಮೆರಾ ತೋರಿಸುತ್ತಾರೆ, ಪ್ಯಾಕೇಜಿನಲ್ಲಿ ಸಿಎ 15-3 ಎಂಬ ರಕ್ತ ಪರೀಕ್ಷೆ ಸೇರಿಸುತ್ತಾರೆ. ಎರಡೂ ಮ್ಯಾಮೊಗ್ರಾಂಗೆ ಬದಲಿಯಲ್ಲ. ಆ ರಕ್ತ ಪರೀಕ್ಷೆ ರೋಗ ಇರುವವರ ಚಿಕಿತ್ಸೆ ಗಮನಿಸಲು ಬಳಸುವಂಥದ್ದು. ಆರಂಭದ ಕ್ಯಾನ್ಸರಿನಲ್ಲಿ ಬಹಳ ಸಲ ನಾರ್ಮಲ್ ಆಗಿಯೇ ಇರುತ್ತದೆ. ಅಂಥ ರಿಪೋರ್ಟ್ ಹಿಡಿದುಕೊಂಡು ಧೈರ್ಯವಾಗಿರುವುದು ಅಪಾಯ.

ರಿಪೋರ್ಟ್ ಓದುವುದು

ಕೊನೆಯ ಸಾಲಿನಲ್ಲಿ ಬೈ-ರಾಡ್ಸ್ ಎಂಬ ಪದದ ಮುಂದೆ ಒಂದು ಅಂಕಿ ಇರುತ್ತದೆ. ಮೊದಲು ಅದನ್ನು ನೋಡಿ. 0 ಎಂದರೆ ನಾರ್ಮಲ್ ಅಲ್ಲ, ಚಿತ್ರ ಸಾಲದು, ಇನ್ನಷ್ಟು ತೆಗೆಯಬೇಕು ಅಥವಾ ಹಳೆಯದನ್ನು ಹೋಲಿಸಬೇಕು ಎಂದರ್ಥ. ಸೊನ್ನೆ ಎಂದು ಖುಷಿಪಟ್ಟು ಮನೆಗೆ ಹೋಗುವವರಿದ್ದಾರೆ. 1 ಮತ್ತು 2 ಬಂದರೆ ಮುಂದಿನ ತಪಾಸಣೆಗೆ ಬಂದರೆ ಸಾಕು. 3 ಎಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಆದರೆ ಆರು ತಿಂಗಳಿಗೆ ಮತ್ತೆ ತೆಗೆಸಲೇಬೇಕು. ನಮ್ಮಲ್ಲಿ ಅತಿ ಹೆಚ್ಚು ಕೈತಪ್ಪುವುದು ಈ ಮೂರನೆಯ ಗುಂಪೇ, ಆರು ತಿಂಗಳ ಹೊತ್ತಿಗೆ ಕಾಫಿ ಕುಯ್ಲೋ ಮದುವೆಯೋ ಅಡ್ಡ ಬಂದಿರುತ್ತದೆ. 4ಕ್ಕೆ ಬಯಾಪ್ಸಿ ಬೇಕು. ಸಾಧ್ಯತೆ ನೂರಕ್ಕೆ ಎರಡರಿಂದ ತೊಂಬತ್ತೈದರವರೆಗೂ ಇರಬಹುದಾದ್ದರಿಂದ ಎ, ಬಿ, ಸಿ ಎಂದು ಒಡೆದು ಬರೆಯುತ್ತಾರೆ. 5 ಎಂದರೆ ನೂರಕ್ಕೆ ತೊಂಬತ್ತೈದಕ್ಕೂ ಮೇಲೆ. 6 ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾದದ್ದು.

ಎ, ಬಿ, ಸಿ, ಡಿ ಎಂದು ಸ್ತನದ ಅಂಗಾಂಶದ ದಟ್ಟಣೆಯನ್ನೂ ಬೇರೆಯಾಗಿ ಬರೆದಿರಬಹುದು. ಸಿ ಅಥವಾ ಡಿ ಇದ್ದರೆ ಜೊತೆಗೆ ಸ್ತನದ ಅಲ್ಟ್ರಾಸೌಂಡ್ ಬೇಕೇ ಎಂದು ಕೇಳಿ.

ಗಂಟು ಸಿಕ್ಕಿತು. ಈಗ?

ಹತ್ತು ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಗೋಲಿಯಂತೆ ಜಾರುವ ಗಡ್ಡೆ, ನಲವತ್ತರ ಆಸುಪಾಸಿನಲ್ಲಿ ನೀರಿನ ಗುಳ್ಳೆ. ಆದರೆ ಯಾವುದು ಯಾವುದೆಂದು ಕೈಯಿಂದ ತೀರ್ಮಾನಿಸಲು ಆಗದು. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ, ಅದಕ್ಕೇ ನಮ್ಮ ಹೆಂಗಸರು ತಿಂಗಳುಗಟ್ಟಲೆ ಸುಮ್ಮನಿರುವುದು. ಒಂದು ಮುಟ್ಟು ಕಳೆದರೂ ಗಂಟು ಹಾಗೇ ಇದ್ದರೆ ಆ ವಾರವೇ ಸರ್ಜರಿ ವಿಭಾಗದ ಓಪಿಡಿಗೆ ಹೋಗಿ. ಮುಟ್ಟು ನಿಂತವರು ಅಷ್ಟೂ ಕಾಯಬಾರದು. ಹಾಲುಣಿಸುವವರು "ಹಾಲು ಕಟ್ಟಿದೆ" ಎಂದು ಎರಡು ವಾರಕ್ಕಿಂತ ಹೆಚ್ಚು ತಳ್ಳಬಾರದು. ಅಲ್ಟ್ರಾಸೌಂಡ್‌ನಿಂದ ಮಗುವಿಗೆ ಏನೂ ಆಗುವುದಿಲ್ಲ.

ಮೂರು ಪರೀಕ್ಷೆ ಒಟ್ಟಿಗೇ ಆಗಬೇಕು: ವೈದ್ಯರ ಕೈ ಪರೀಕ್ಷೆ, ಚಿತ್ರ, ಸೂಜಿ ಬಯಾಪ್ಸಿ. ಚಿತ್ರಕ್ಕೆ 30ಕ್ಕಿಂತ ಕೆಳಗಿನವರಿಗೆ ಅಲ್ಟ್ರಾಸೌಂಡ್, ಮೇಲಿನವರಿಗೆ ಸಾಮಾನ್ಯವಾಗಿ ಎರಡೂ. ಬಯಾಪ್ಸಿಯಲ್ಲಿ ಜಾಗ ಮರಗಟ್ಟಿಸಿ, ದಪ್ಪ ಸೂಜಿಯಿಂದ ಅಕ್ಕಿಕಾಳಿನಷ್ಟು ತೆಳುವಾದ ನಾಲ್ಕೈದು ಎಳೆ ತೆಗೆಯುತ್ತಾರೆ. ಸ್ಟೇಪ್ಲರ್ ಹೊಡೆದಂಥ ಶಬ್ದ ಬರುತ್ತದೆ, ಬೆಚ್ಚಬೇಡಿ. ಅದೇ ದಿನ ಮನೆಗೆ. "ಸೂಜಿ ಹಾಕಿದರೆ ಹರಡುತ್ತದೆ" ಎಂಬ ಮಾತಿಗೆ ಆಧಾರವಿಲ್ಲ. ಈ ಭಯದಿಂದ ತಡಮಾಡಿದವರಲ್ಲೇ ರೋಗ ಹರಡಿರುವುದು.

ಇಲ್ಲಿ ಆಗುವ ತಪ್ಪುಗಳು ಜೀವಕ್ಕೇ ಬರುತ್ತವೆ. ಗಡ್ಡೆಗೆ ನಾಟಿ ಔಷಧದ ಪಟ್ಟು ಹಾಕಿ ಚರ್ಮ ಸುಟ್ಟುಕೊಳ್ಳುವುದು. ಕೀವು ಎಂದು ತಿಳಿದು ಕೊಯ್ಯಿಸುವುದು. ಎಲ್ಲಕ್ಕಿಂತ ದೊಡ್ಡದು, ಬಯಾಪ್ಸಿ ಇಲ್ಲದೆ ಗಡ್ಡೆಯನ್ನು ಪೂರ್ತಿ ತೆಗೆಸಿ, ತೆಗೆದದ್ದನ್ನು ಲ್ಯಾಬಿಗೆ ಕಳಿಸದೆ ಎಸೆಯುವುದು. ಆಮೇಲೆ ಅದು ಏನಾಗಿತ್ತು ಎಂದು ಯಾರಿಗೂ ಹೇಳಲು ಬರುವುದಿಲ್ಲ. ಯಾವ ಗಡ್ಡೆ ತೆಗೆದರೂ "ಪೆಥಾಲಜಿಗೆ ಕಳಿಸಿದ್ದೀರಾ, ಫಾರ್ಮಲಿನ್‌ನಲ್ಲಿ ಹಾಕಿದ್ದೀರಾ?" ಎಂದು ಮನೆಯವರು ಕೇಳಲೇಬೇಕು. ಫಾರ್ಮಲಿನ್ ಎಂದರೆ ತುಂಡು ಕೆಡದಂತೆ ಇಡುವ ದ್ರವ. ಡಬ್ಬಿಯನ್ನು ನೀವೇ ಒಯ್ಯಬೇಕಾಗಿ ಬಂದರೆ ಮುಚ್ಚಳ ಬಿಗಿಯಾಗಿದೆಯೇ, ಹೆಸರು, ಎಡವೋ ಬಲವೋ, ತಾರೀಖು ಬರೆದಿದೆಯೇ ನೋಡಿ, ಅದೇ ದಿನ ತಲುಪಿಸಿ. ಕ್ಯಾನ್ಸರ್ ಎಂದು ಬಂದರೆ ಅದೇ ತುಂಡಿನ ಮೇಲೆ ಇಆರ್, ಪಿಆರ್, ಹರ್2 ಎಂಬ ಮೂರು ಪರೀಕ್ಷೆ ಆಗಬೇಕು. ಮಾತ್ರೆ ಸಾಕೇ, ಕೀಮೋ ಬೇಕೇ ಎಂಬುದು ಅದರಿಂದ ತಿಳಿಯುವುದು.

ಗಂಟು ತೋರಿಸಿದ ದಿನದಿಂದ 60 ದಿನದೊಳಗೆ ಏನು ಎಂದು ಖಚಿತವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ಕ್ಯಾಲೆಂಡರಿನಲ್ಲಿ ಆ ಅರವತ್ತನೇ ದಿನಕ್ಕೆ ಒಂದು ಸುತ್ತು ಹಾಕಿಡಿ.

ಕಾಗದ, ಹಣ, ಬಸ್ಸು

ಆಧಾರ್, ಪಡಿತರ ಚೀಟಿ, ಹಳೆಯ ಎಲ್ಲ ರಿಪೋರ್ಟ್ ಒಂದೇ ಕೈಚೀಲದಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆಯಿರಿ, ಅದಿಲ್ಲದೆ ಹಲವರ ಕೆಲಸ ಕೌಂಟರಿನಲ್ಲೇ ನಿಲ್ಲುತ್ತದೆ. ಓಪಿಡಿಯ ಯಾವ ಪರೀಕ್ಷೆ ಯೋಜನೆಯೊಳಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕೇಳಿ ತಿಳಿದುಕೊಳ್ಳಿ.

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ 1973ರಿಂದ ಇರುವ ರಾಜ್ಯದ ದೊಡ್ಡ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಅರಸೀಕೆರೆ, ಕಡೂರಿನವರಿಗೆ ರೈಲೇ ಅನುಕೂಲ. ಮೂಡಿಗೆರೆ, ಕಳಸದ ಕಡೆಯವರು ಮಂಗಳೂರು, ಮಣಿಪಾಲಕ್ಕೂ ಹೋಗುತ್ತಾರೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರೋಗಿಗೂ ಜೊತೆಗೆ ಬರುವ ಮಹಿಳೆಗೂ ಟಿಕೆಟ್ ಹಣವಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಸಾಕು. ರಾಜಹಂಸ, ಐರಾವತಕ್ಕೆ ಇದು ನಡೆಯುವುದಿಲ್ಲ.

ದಿನ ಮರೆಯದಿರಲು

ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್ ಮಳೆ, ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ, ಮೆಣಸು. ಬಿಡುವು ಸಿಗುವುದು ಸೆಪ್ಟೆಂಬರ್–ಅಕ್ಟೋಬರ್ ಅಥವಾ ಏಪ್ರಿಲ್–ಮೇ. ಹಾಸನದವರಿಗೆ ಹಾಸನಾಂಬೆಯ ಬಾಗಿಲು ತೆರೆಯುವ ಸುದ್ದಿಯೇ ನೆನಪಿನ ಗಂಟೆಯಾಗಲಿ. ದರ್ಶನದ ನೂಕುನುಗ್ಗಲಿಗೆ ಮುಂಚಿನ ವಾರ ಆಸ್ಪತ್ರೆಗೆ ಹೋಗಿ ಬನ್ನಿ. ಚಿಕ್ಕಮಗಳೂರಿನ ಕಡೆ ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತಲು ಅಕ್ಕತಂಗಿಯರು, ಓರಗಿತ್ತಿಯರು ಜೊತೆಗೂಡುತ್ತಾರಲ್ಲ, ಆ ಗುಂಪೇ ತಪಾಸಣೆಗೂ ಒಟ್ಟಿಗೆ ಹೊರಡಬಹುದು. ಒಬ್ಬರೇ ಹೋಗಬೇಕಾದಾಗ ಮುಂದೂಡುವವರು ನಾಲ್ಕು ಜನ ಸೇರಿದರೆ ಹೊರಡುತ್ತಾರೆ.

ಮ್ಯಾಮೊಗ್ರಾಂ ಫಿಲ್ಮುಗಳನ್ನು ಎಸೆಯಬೇಡಿ. ಎರಡು ವರ್ಷದ ಹಿಂದಿನ ಚಿತ್ರ ಪಕ್ಕದಲ್ಲಿದ್ದರೆ, ಆ ಚುಕ್ಕಿ ಹಳೆಯದೋ ಹೊಸದೋ ಎಂದು ರೇಡಿಯಾಲಜಿಸ್ಟ್ ಒಂದೇ ನೋಟಕ್ಕೆ ಹೇಳಬಲ್ಲರು. ಇಲ್ಲದಿದ್ದರೆ ಬಯಾಪ್ಸಿ ತನಕ ಹೋಗಬೇಕಾದೀತು. ನಮ್ಮ ಮಳೆಗಾಲಕ್ಕೆ ಫಿಲ್ಮಿಗೂ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಡಿಸದೆ, ಬೀರುವಿನಲ್ಲಿ ಬಟ್ಟೆಗಳ ನಡುವೆ ಚಪ್ಪಟೆಯಾಗಿ ಇಡಿ. ಸಿಡಿ ಕೊಟ್ಟರೆ ಅದನ್ನೂ ಕೇಳಿ ಪಡೆಯಿರಿ, ರಿಪೋರ್ಟಿನ ಫೋಟೋ ತೆಗೆದು ಮಗಳ ಫೋನಿಗೂ ಕಳಿಸಿಡಿ. ಕವರಿನ ಮೇಲೆ ಮುಂದಿನ ಸಲ ಹೋಗಬೇಕಾದ ತಿಂಗಳು, ವರ್ಷವನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಪೆನ್ನಿನಲ್ಲಿ ದಪ್ಪಗೆ ಬರೆದುಬಿಡಿ.